ಅವ್ವ ನೆಟ್ಟದ್ದು ಪೂಜೆಯ ಕಲ್ಲು, ಕೆರೆಯ ಗಡಿಯಲ್ಲ

ತಾಲೂಕಿನ ಮಾನ್ಯ ತಹಶೀಲ್ದಾರರೇ,

ನಮ್ಮೂರ ಕೆರೆ ತಮ್ಮ ಅಪ್ಪಣೆ ಮೀರಿದೆ. ಮುರಗೋಡದ ಕಡೆಯ ಹಳ್ಳ ಈ ಮಳೆಗಾಲದಲ್ಲಿ ತುಂಬಿ ಹರಿದು, ತಾವು ದಂಡೆಯ ಮೇಲೆ ಮಂಜೂರು ಮಾಡಿದ ಅರಳೆ ಗೋದಾಮಿನ ಗೋಡೆಗೆ ನೀರು ಬಂದು ನಿಂತಿದೆ. ನೀರಿನ ಅಂಚಿನಿಂದ ಇನ್ನೂರು ಅಡಿಯೊಳಗೆ ಯಾರೂ ಏನನ್ನೂ ಕಟ್ಟಕೂಡದೆಂಬ ನಿಯಮ ತಮ್ಮ ಕಚೇರಿಯದೇ. ಹಾಗಾದರೆ ತಪ್ಪು ಗೋದಾಮಿನದೋ, ನೀರಿನದೋ? ನೀರಿನದಾದರೆ ಅದಕ್ಕೊಂದು ನೋಟೀಸು ಕಳಿಸಿರಿ.

ಆದದ್ದು ಇಷ್ಟು. ವರ್ಷಕ್ಕೊಮ್ಮೆ ನಮ್ಮ ಹರಿಜನ ಓಣಿಯ ಹೆಣ್ಣುಮಕ್ಕಳು ನೀರು ಎಲ್ಲಿಯವರೆಗೆ ಇದೆಯೋ ಅಲ್ಲಿ ಒಂದು ಕಲ್ಲು ನೆಟ್ಟು, ಅರಿಷಿಣ ಕುಂಕುಮ ಹಚ್ಚಿ ಗಂಗವ್ವನನ್ನು ಪೂಜಿಸುತ್ತಾರೆ. ಎಪ್ಪತ್ತೆರಡರ ಬರದಲ್ಲಿ ನೀರು ಕೆರೆಯ ನಡುವಿನ ಗುಂಡಿಗೆ ಇಳಿದಿತ್ತು. ನನ್ನ ತಾಯಿ ತಾಯವ್ವ ಅಲ್ಲಿಗೇ ಇಳಿದು ಕಲ್ಲು ನೆಟ್ಟಳು. ಆಮೇಲೆ ಜಾಗ ಅಳೆಯಲು ಬಂದ ತಮ್ಮ ಮೋಜಣಿದಾರರು ಆ ಕಲ್ಲನ್ನೇ ಕೆರೆಯ ಗಡಿ ಎಂದು ಹಿಡಿದು ಅಲ್ಲಿಂದ ಸರಪಳಿ ಎಳೆದರು. ದಂಡೆಯೆಲ್ಲ ಕೆರೆಯಿಂದ ಹೊರಗಾಗಿ ಪೇಟೆಯ ಸಾವಕಾರರ ಪಾಲಾಯಿತು.

ಅವ್ವನನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಾವು ನಕ್ಕಿರಿ. "ನಿಮ್ಮ ಹೆಣ್ಮಕ್ಕಳೇ ಗಡಿ ಹಾಕ್ಯಾರಲ್ಲೋ, ನಾ ಏನ್ ಮಾಡ್ಲಿ?"

"ಗಂಗವ್ವ ಎಲ್ಲಿ ಅದಾಳೋ ಅಲ್ಲೇ ಪೂಜಿ ಮಾಡೇನ್ರಿ ಸಾಹೇಬ್ರ. ಕೆರಿ ಇಲ್ಲೀತನಾ ಅಂತ ನಾ ಎಲ್ಲಿ ಅಂದೇನ್ರಿ?" ಎಂದಳು ಅವ್ವ.

ತಾವು ಗಂಟೆ ಬಾರಿಸಿ ಸಿಪಾಯಿಯನ್ನು ಕರೆದಿರಿ. ಓಣಿಯ ನೀರನ್ನು ಕೈಯಾರೆ ಕಳೆದೆನೆಂದು ಆಕೆ ಇಂದಿಗೂ ಅಳುತ್ತಾಳೆ.

ನಾವು ನೀರು ತುಂಬುತ್ತಿದ್ದ ಆ ದಂಡೆ ಗೋದಾಮಿನ ಪಾಲಾದ ಮೇಲೆ ನಮಗೆ ಬೇರೆ ನೀರಿಲ್ಲ. "ಊರ ಪಾವಟಿಗಿಗೆ ಹೋಗ್ರಿ, ಕಾಯ್ದೆದ್ದೇನ್ ಅಡ್ಡಿ ಇಲ್ಲ" ಎಂದು ತಮ್ಮ ಗುಮಾಸ್ತರು ಸಲಹೆ ಕೊಟ್ಟರು. ಕಾಯ್ದೆಯ ಅಡ್ಡಿ ಇಲ್ಲ, ನಿಜ. ಕಳೆದ ವಾರ ನನ್ನ ಹೆಂಡತಿ ಲಗಮವ್ವ ಊರವರು ನೀರು ತುಂಬುವ ಆ ಮೆಟ್ಟಿಲಿಳಿದು ಕೊಡ ಅದ್ದಿದಳು. "ಯಾರನ ಕೇಳಿ ಮುಟ್ಟಿದಿ?" ಎಂದು ಊರ ದೊಡ್ಡವರು ಕೊಡ ಕಸಿದು ಒಡೆದು ಹಾಕಿದರು. ನಾವು ಮುಟ್ಟಿದ ನೀರು ಬೇಡವಾದ ಈ ದೊಡ್ಡವರಿಗೆ ನಾವು ನೆಟ್ಟ ಕಲ್ಲು ಮಾತ್ರ ಹೇಗೆ ಒಪ್ಪಿಗೆಯಾಯಿತು?

ತುಂಬಿದ ಕೆರೆಯ ಅಂಚಿನಿಂದ ಹೊಸದಾಗಿ ಅಳೆಸಿರಿ, ಗೋದಾಮು ತೆಗೆಸಿರಿ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ತಾವೇ ನಮ್ಮ ಹೆಣ್ಣುಮಕ್ಕಳ ಮುಂದೆ ನಡೆದು ಊರ ಪಾವಟಿಗೆ ಇಳಿಯಿರಿ. ಕಾಯ್ದೆಯ ಅಡ್ಡಿ ಇಲ್ಲವಲ್ಲ, ಮೊದಲ ಕೊಡ ತಮ್ಮ ಕೈಯಿಂದಲೇ ತುಂಬಿ ನನ್ನ ತಾಯಿಯ ತಲೆಯ ಮೇಲೆ ಹೊರಿಸಿರಿ.

ಇಂತಿ,
ಕೆರೆ ತುಂಬಿದರೂ ನೀರಿಗೆ ಗತಿಯಿಲ್ಲದ ಓಣಿಯ
ದರ್ಜಿ ಭರಮಪ್ಪ