ತೊಟ್ಟಿಲಿನ ಅಡಿಹಲಗೆ

ಕಲಘಟಗಿ
೧೯ ನವೆಂಬರ್ ೨೦೨೪

ಪ್ರೀತಿಯ ನಂದಕ್ಕ,

ಶರಣು. ದಾನೇಶ್ವರಿ ಕಳಿಸಿದ ಫೋಟೊ ನೋಡಿದೆ. ನಿನ್ನ ಮೊಮ್ಮಗನ ಹಣೆ ಥೇಟ್ ನಮ್ಮವ್ವನದು. ಹೆಸರಿಡುವ ದಿನ ನಾನು ನವಲಗುಂದಕ್ಕೆ ಬರಲಿಲ್ಲವೆಂದು ನಿನಗೆ ಸಿಟ್ಟಿದೆ, ಗೊತ್ತು. ಶಾಲೆಯಲ್ಲಿ ಪರೀಕ್ಷೆ ಎಂದಿದ್ದೆ. ಪರೀಕ್ಷೆ ಇದ್ದದ್ದು ನಿಜ, ಬರದಿದ್ದದ್ದು ಅದಕ್ಕಲ್ಲ. ವಾರದಿಂದ ಬರೆಯಲು ಕೂತು ಕೂತು ಏಳುತ್ತಿದ್ದೇನೆ. ಫೋನಿನಲ್ಲಿ ಹೇಳಹೋದರೆ ನೀನು ನಗುತ್ತೀ, ನಾನೂ ನಗುತ್ತೇನೆ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ.

ಭಾಗ್ಯಾ ನೆನಪಿದ್ದಾಳಲ್ಲ? ದೇವಿಕೊಪ್ಪದಲ್ಲಿ ನಮ್ಮ ದನದ ಕೆಲಸ, ಹಿತ್ತಿಲು ಎಲ್ಲ ನೋಡಿಕೊಳ್ಳುತ್ತಿದ್ದ ಸಾವಂತ್ರೆವ್ವನ ಮಗಳು. ದಸರೆ ಮುಗಿದ ಮೇಲೆ ತುಂಬಿದ ಬಸುರಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದಿದ್ದಳು. ಅವಳು ಬಂದರೆ ನಾನು ಕುರ್ಚಿ ಕೊಡುತ್ತೇನೆ, ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಡುತ್ತೇನೆ. ಅಷ್ಟಕ್ಕೇ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಚಹಾ ಕುಡಿದು ಕಪ್ಪು ಕೆಳಗಿಟ್ಟು ಕೇಳಿದಳು: "ಅಕ್ಕಾರ, ನಿಮ್ಮ ತೊಟ್ಟಲಾ ಒಂದ ದಿನದ ಮಟ್ಟಿಗೆ ಕೊಡ್ತೀರೇನ್ರಿ? ಹೆಸರಿಡೂ ದಿನ ಅಷ್ಟ. ಸಂಜೀಕ ತಂದ ಮುಟ್ಟಸ್ತೀವಿ." ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಳು. ಅದನ್ನು ಈಗಲೇ ಬರೆಯಲು ಕೈ ಬರುತ್ತಿಲ್ಲ.

ತೊಟ್ಟಿಲಿನ ಒಂದು ಮೂಲೆ ಸಡಿಲಾಗಿದೆ, ಕೂಸನ್ನು ಹಾಕಲು ಧೈರ್ಯ ಸಾಲದು ಎಂದುಬಿಟ್ಟೆ. ಯಾರೂ ಹೇಳಿಕೊಟ್ಟ ಮಾತಲ್ಲ. ನಮ್ಮ ಮನೆಯವರು ಆಗ ಒಳಗಿದ್ದರು. ಆಮೇಲೆ ಕೇಳಿದಾಗ, ಕೊಡಬಹುದಿತ್ತೇನೋ, ನಿನಗೆ ಬಿಟ್ಟದ್ದು ಎಂದರು. ಭಾಗ್ಯಾ ಮಾತ್ರ ಪಾಪ, ಹಂಗಾದ್ರ ಬ್ಯಾಡ್ರಿ ಎಂದು ನನಗೇ ಸಮಾಧಾನ ಹೇಳಿ ಹೋದಳು.

ಮುಂದಿನ ವಾರವೇ ನೀನು ಫೋನು ಮಾಡಿ ಅದೇ ತೊಟ್ಟಿಲು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ, ಟೆಂಪೊ ಯಾವಾಗ ಕಳಿಸಲಿ ಎಂದೆ. ನಾನೂ ಯಾವಾಗಲಾದರೂ ಕಳಿಸು ಎಂದೆ. ನೀನು ಕೇಳಿದಾಗ ಮೂಲೆಗಳೆಲ್ಲ ಗಟ್ಟಿಯಾಗಿದ್ದವು. ಭಾಗ್ಯಾಳ ವಿಷಯ ಹೇಳಿದರೆ, "ಕೇಳಾಕರೆ ಆಕಿಗೆ ಧೈರ್ಯ ಹೆಂಗ ಬಂತಲೇ ಅಮ್ಮಿ!" ಎಂದು ನೀನು ನಕ್ಕೆ. ನಾನೂ ನಕ್ಕೆ. ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ.

ಹತ್ತನೆಯ ತಾರೀಖು, ಭಾನುವಾರ. ತೊಟ್ಟಿಲನ್ನು ಒರೆಸಿ ಕಟ್ಟೆಯ ಮೇಲೆ ಇಟ್ಟಿದ್ದೆವು. ಟೆಂಪೊ ಬಾಗಿಲಲ್ಲೇ ನಿಂತಿತ್ತು. ಆಗ ಭಾಗ್ಯಾಳ ಗಂಡ ಫಕೀರೇಶ ಬೈಕಿನಲ್ಲಿ ಬಂದ. ಬಡಗಿ ಕೆಲಸದವನು. ಸುಳ್ಳು ಹೇಳುವಾಗ ಅದು ನನಗೆ ಹೊಳೆದೇ ಇರಲಿಲ್ಲ. ಚೀಲದಲ್ಲಿ ಉಳಿ, ಕೊಡತಿ, ಸಾಗವಾನಿಯಲ್ಲಿ ಹೊಸದಾಗಿ ಕೆತ್ತಿದ ನಾಲ್ಕು ಬೆಣೆ. ಭಾಗ್ಯಾ ಕಳಿಸಿದ್ದಳು. ತಮಗೆ ಬೇಕೆಂದಲ್ಲ. ಅಕ್ಕಾರ ಮನೆಯ ಹಳೆಯ ಸಾಮಾನು, ಕೆಡಬಾರದು ಎಂದು.

ಅವನು ಕೂತು ಒಂದೊಂದೇ ಮೂಲೆ ಹಿಡಿದು ಅಲುಗಿಸಿದ. "ಅಗದಿ ಗಟ್ಟಿ ಐತಲ್ರೀ ಅಕ್ಕಾರ."

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, ನಿನ್ನೆಯೇ ರಿಪೇರಿ ಮಾಡಿಸಿದೆವು ಎಂದರು.

"ಚಲೋ ಮಾಡ್ಯಾರ್ರಿ," ಎಂದ ಫಕೀರೇಶ. "ಕೈ ಹಚ್ಚಿದ್ದ ಗೊತ್ತಾಗಂಗಿಲ್ಲ."

ಅವನ ಮುಖದಲ್ಲಿ ಕುಹಕವಿತ್ತೇ ಎಂದು ಇಂದಿಗೂ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಟೆಂಪೊದವನು ತೊಟ್ಟಿಲನ್ನು ಹಾಗೇ ಎಳೆಯಹೋದರೆ ತಡೆದು, ಬಣ್ಣ ಹೋಗಬಾರದೆಂದು ಗೋಣಿಚೀಲ ಸುತ್ತಿ, ತಾನೇ ಎತ್ತಿ ಇಟ್ಟು ಹಗ್ಗ ಬಿಗಿದ. ಚಹಾ ಕುಡಿದು ಹೋದ, ನಮ್ಮ ಕಪ್ಪಿನಲ್ಲೇ. ಅದಕ್ಕೇ ಬುಧವಾರ ಹೆಸರಿಡುವ ಹೊತ್ತಿಗೆ ನಿನ್ನ ಮನೆಗೆ ಬರಲಾಗಲಿಲ್ಲ. ಆ ತೊಟ್ಟಿಲು ತೂಗುವ ಹಗ್ಗ ಹಿಡಿಯಲು ಮನಸ್ಸು ಬರಲಿಲ್ಲ.

ಹೋದ ಮಂಗಳವಾರ ಭಾಗ್ಯಾಳಿಗೆ ಹೆಣ್ಣು ಕೂಸು ಹುಟ್ಟಿದೆ. ಈ ಭಾನುವಾರ ದೇವಿಕೊಪ್ಪದಲ್ಲಿ ಹೆಸರಿಡುತ್ತಾರೆ. ಸೀರೆಯ ಜೋಳಿಗೆ ಕಟ್ಟುತ್ತಾರಂತೆ.

ಈ ಪತ್ರ ತಂದವನು ಅದೇ ಟೆಂಪೊದವನು. ಅವನ ಕೈಯಲ್ಲಿ ತೊಟ್ಟಿಲು ಕಳಿಸಿಕೊಡು. ಸೋಮವಾರ ನಿನಗೇ ಮರಳಿ ಮುಟ್ಟಿಸುತ್ತೇನೆ. ಬೀಗರು ಏನೆಂದಾರು ಎಂದು ಯೋಚಿಸುತ್ತೀ. ಮೂಲೆ ಸಡಿಲಾಗಿದೆ ಎಂದು ಮಾತ್ರ ಹೇಳಬೇಡ. ಯಾರಿಗೆ ಕೊಡುತ್ತಿದ್ದೇವೆ ಎಂದು ಹೇಳಿಯೇ ಕಳಿಸು.

ಮೊಮ್ಮಗನಿಗೆ ನೂರು ವರ್ಷ ಆಯುಷ್ಯವಾಗಲಿ. ದಾನೇಶ್ವರಿ ಬಾಣಂತನದಲ್ಲಿ ತಣ್ಣೀರು ಮುಟ್ಟದಿರಲಿ. ನನ್ನ ಮೇಲಿನ ಸಿಟ್ಟನ್ನು ಸ್ವಲ್ಪ ದಿನ ಹಾಗೇ ಇಟ್ಟುಕೋ, ಬಂದು ಬೈಸಿಕೊಳ್ಳುತ್ತೇನೆ.

ನಿನ್ನ ತಂಗಿ,
ಅಮೃತಾ

ತಾ.ಕ.: ಕಳಿಸುವ ಮೊದಲು ತೊಟ್ಟಿಲನ್ನು ಒಮ್ಮೆ ಬೋರಲು ಹಾಕಿ ನೋಡು. ಅದರಲ್ಲಿ ಮಲಗಿದ ಕೂಸುಗಳ ಹೆಸರನ್ನು ಅವ್ವ ಅಡಿಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದಳಲ್ಲ. ನಂದಾ, ಕಾಶಿನಾಥ, ಅಮೃತಾ, ಆಮೇಲೆ ಕೆರೆದ ಒಂದು ಜಾಗ, ಅದರ ಕೆಳಗೆ ದಾನೇಶ್ವರಿ. ಆ ಜಾಗದಲ್ಲಿ ಭಾಗ್ಯಾ ಎಂದಿತ್ತು. ನೀನು ಮದುವೆಯಾಗಿ ಹೋದ ಮೇಲೆ ಅವ್ವನೇ ಅವಳನ್ನು ಹಾಕಿ ತೂಗಿ, ಹೆಸರು ಬರೆದಿದ್ದಳು. ಹುಬ್ಬಳ್ಳಿಯಿಂದ ನನ್ನ ಜೊತೆ ಓದುವ ಇಬ್ಬರು ಗೆಳತಿಯರು ಮನೆಗೆ ಬರುವವರಿದ್ದರು. ನನಗೆ ಹದಿನೇಳು. ಆ ಹೆಸರು ಅವರ ಕಣ್ಣಿಗೆ ಬೀಳಬಾರದೆಂದು ಬ್ಲೇಡಿನಿಂದ ಕೆರೆದೆ.

ದಾನೇಶ್ವರಿಯ ಹೆಸರು ನನ್ನ ಅಕ್ಷರದಲ್ಲಿ ಯಾಕಿದೆ ಎಂದು ನೀನು ಕೇಳಿದ್ದೆ. ಅವ್ವನಿಗೆ ಕಣ್ಣು ಮಂಜು ಎಂದಿದ್ದೆ. ಹಾಗಲ್ಲ. ಕುಂಚವನ್ನು ನನ್ನ ಕೈಗೆ ಕೊಟ್ಟು, "ಕೆರಿಯೂದು ನಿನಗ ಬರತೈತಿ. ಇನ್ನ ಬರಿಯೂದೂ ನೀನ ಬರಿ" ಎಂದಿದ್ದಳು. ಮತ್ತೆ ಅದರ ಮಾತೆತ್ತಲಿಲ್ಲ.

ಭಾಗ್ಯಾ ಅಂದು ಹೇಳಿದ ಇನ್ನೊಂದು ಮಾತು ಇದು: "ನನ್ನ ಹೆಸರೂ ಅದರಾಗ ಐತಂತಲ್ರಿ, ನಮ್ಮವ್ವ ಹೇಳ್ತಾಳ. ಕೂಸಿಗೆ ತೋರಸ್ಬೇಕ್ರಿ." ಕೆರೆದದ್ದು ಸಾವಂತ್ರೆವ್ವನಿಗೆ ಇಂದಿಗೂ ಗೊತ್ತಿಲ್ಲ.

ಭಾನುವಾರ ಅವರು ತಿರುವಿ ನೋಡುತ್ತಾರೆ. ಆಗ ನಾನು ಅಲ್ಲಿರುತ್ತೇನೆ.