ಹೆಡ್‌ಫೋನ್ ವಾಪಸ್ ಕೊಡಬೇಡ

ಲಿಖಿತಾ,

ಅಂಗಡಿಗೆ ಹೊರಡುವ ಮೊದಲು ಇದನ್ನು ಓದು. ಅಕ್ಕನನ್ನು ನೋಡಲು ಭದ್ರಾವತಿಗೆ ಹೊರಟಿದ್ದೇನೆ. ನೀನು ಸ್ನಾನ ಮುಗಿಸಿ ಬರುವವರೆಗೆ ಕಾದರೆ ಬಸ್ಸು ತಪ್ಪುತ್ತದೆ.

"ಸೌಂಡು ಯಾಕೋ ಮಂಕು, ಇವತ್ತು ವಾಪಸ್ ಕೊಟ್ಬಿಡ್ತೀನಿ ಕಣೆ" ಎಂದು ನೀನು ಗೆಳತಿ ಗಗನಾಗೆ ಫೋನಿನಲ್ಲಿ ಹೇಳಿದ್ದು ಕೇಳಿಸಿತು. ಅಂಗಡಿಗೆ ವಾಪಸ್ ಹೋಗುವ ಹೆಡ್‌ಫೋನಿಗೆ ನಾನು ಹೆಣೆದ ಕ್ರೋಶಾ ಕವರ್ ಯಾಕೆ ಎಂದು ಬಿಚ್ಚಿದೆ. ಬಿಚ್ಚಿದವಳು ನನ್ನ ಫೋನಿನಲ್ಲಿ ವೀಣೆ ಹಾಕಿ ಸುಮ್ಮನೆ ಒಮ್ಮೆ ಕಿವಿಗಿಟ್ಟುಕೊಂಡೆ. ಅಬ್ಬಾ! ವೀಣೆಯ ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತದಲ್ಲೇ! ಮತ್ತೆ ಕವರ್ ಹಾಕಿ ನೋಡಿದೆ. ಕಂಬಳಿ ಹೊದ್ದುಕೊಂಡು ನುಡಿಸಿದಂತಿತ್ತು. ಹೊರಬದಿಯ ಆ ಜಾಲರಿಯೊಳಗೆ ಧೂಳು ಹೋದೀತೆಂದು ನಾನು ಮುಚ್ಚಿದ್ದೆ. ಸ್ವರ ಉಸಿರಾಡುವುದೇ ಅಲ್ಲಿಂದ! ಮಿಕ್ಸಿಗೂ ರಿಮೋಟಿಗೂ ಅಂಗಿ ತೊಡಿಸುವ ನನ್ನ ಚಾಳಿ ನಿನಗೆ ಗೊತ್ತಲ್ಲ.

ಸೌಂಡು ಮಂಕಾದದ್ದು ಈ ಕವರಿನಿಂದಲೇ ಎಂಬುದೂ ಗೊತ್ತಿತ್ತು, ಅಲ್ಲವೇ? ತಿಂಗಳುಗಟ್ಟಲೆ ಓದಿ, ವಿಚಾರಿಸಿ, ಆಸೆಪಟ್ಟು ತಂದದ್ದನ್ನು ಬಿಟ್ಟುಕೊಡಲು ಹೊರಟೆಯೇ ಹೊರತು, "ಅತ್ತೆ, ಕವರ್ ತೆಗೀರಿ" ಎನ್ನಲು ನಿನಗೆ ಬಾಯಿ ಬರಲಿಲ್ಲ. ಇಷ್ಟೊಂದು ಒಳ್ಳೆಯವಳಾಗಬೇಡ ಮಾರಾಯ್ತಿ.

ಹೆಡ್‌ಫೋನ್ ನಿನ್ನ ಮೇಜಿನ ಮೇಲಿದೆ, ಕವರ್ ಇಲ್ಲದೆ. ಅಕ್ಕಿರೊಟ್ಟಿ ಮುಚ್ಚಿಟ್ಟಿದ್ದೇನೆ, ಬಿಸಿಯಿರುವಾಗಲೇ ತಿನ್ನು. ಆಮೇಲೆ ಬಾಗಿಲು ಹಾಕಿಕೊಂಡು ಕೂತು ಕೇಳು.

ಬಿಲ್ಲು ಹುಡುಕಬೇಡ. ಅದಿಲ್ಲದೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಅದಕ್ಕೇ ನನ್ನ ಪರ್ಸಿನಲ್ಲಿ ಹಾಕಿಕೊಂಡು ಹೊರಟಿದ್ದೇನೆ.

ಸಂಜೆಯೊಳಗೆ ವಾಪಸ್ ಬರುತ್ತೇನೆ; ಆರರಿಂದ ಏಳು ಹೆಡ್‌ಫೋನ್ ಕೇಳುವುದು ನನ್ನ ಪಾಳಿ.

ಅತ್ತೆ