ಭುವನಾ ಕೇಳಿದ ಎಂಜಿನ್

ರಾಯದುರ್ಗ,
ಶುಕ್ರವಾರ, ೧೭ ಜನವರಿ ೨೦೨೫

ಮಗಳೇ ಭುವನಾ,

ಹೇಗಿದ್ದೀಯ ತಾಯಿ? ಮಣಿಕಟ್ಟಿನ ನೋವು ಇಳಿಯಿತೇ? ನಿಮ್ಮವ್ವ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಶೀಶೆ ಹಾಗೇ ಬ್ಯಾಗಿನಲ್ಲಿ ಬಿದ್ದಿದೆಯೋ? ಕೊಯಮತ್ತೂರಿನ ಊಟ ನಿನಗೆ ಇನ್ನೂ ಒಗ್ಗಿಲ್ಲವೆಂದು ಅವಳು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅವಳ ಮಂಡಿ ಮೊದಲಿನಂತೆಯೇ ಇದೆ, ನಾಲಿಗೆಯೂ ಮೊದಲಿನಂತೆಯೇ ಇದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕಿ, ನಮ್ಮಪ್ಪ ಮಾತಾಡ್ತಿದ್ದಾರೆ ಎಂದು ನಿನ್ನ ರೇಸಿನ ಶೆಡ್ಡಿನವರನ್ನೆಲ್ಲ ಕೂಡಿಸುತ್ತೀ. ಅಷ್ಟು ಜನರ ಮುಂದೆ ನನಗೆ ಎಂಜಿನ್ ವಿಷಯ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅದಕ್ಕೇ ಈ ಕಾಗದ. ನಾಳೆ ಬೆಳಗ್ಗೆ ಬಾಲರಾಜು ನಮ್ಮ ಫಿಯೆಟ್ ಕಾರನ್ನು ತನ್ನ ಲಾರಿಗೆ ಏರಿಸಿಕೊಂಡು ಹೊರಡುತ್ತಾನೆ, ಇದನ್ನೂ ಅವನ ಕೈಯಲ್ಲೇ ಕೊಡುತ್ತೇನೆ. ನೀನು ಓಡಿಸುವ ಹಳೆ ಕಾರುಗಳ ಪಂದ್ಯಕ್ಕೆ ಮೊದಲೇ ಬಂದು ಮುಟ್ಟುತ್ತದೆ.

ಅದರ ಎಂಜಿನ್ನನ್ನು ಪಂದ್ಯಕ್ಕೆ ಸಿದ್ಧ ಮಾಡುವಾಗ ಮೊದಲ ಸಲ ನಾನು ಎಡವಿದ್ದು ನಿನಗೆ ಗೊತ್ತೇ ಇದೆ. ಇಷ್ಟು ವರ್ಷ ಈ ಊರಿನಲ್ಲಿ ಎಂಜಿನ್ ಬಿಚ್ಚಿ ಕೂಡಿಸಿದವನಿಗೆ ಜನ ಹೇಳಿದ್ದು ಒಂದೇ ಮಾತು, ಪೆಟ್ರೋಲ್ ಕಡಿಮೆ ಕುಡಿಯಬೇಕು, ಭಾರ ಹೆಚ್ಚು ಎಳೆಯಬೇಕು. ನಮ್ಮ ಫಿಯೆಟ್ಟೂ ಅದಕ್ಕೇ ಪಳಗಿದ್ದು. ಮದುವೆ ಬಾಡಿಗೆಗೆ ಹೋದರೆ ಹೆಣ್ಣು, ಗಂಡು, ಇಬ್ಬರ ಸೋದರಮಾವಂದಿರು, ಮಡಿಲಲ್ಲಿ ಮಕ್ಕಳು, ಎಲ್ಲರನ್ನೂ ತುಂಬಿಕೊಂಡು ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿಬರುತ್ತಿತ್ತು. ನಾನು ಡ್ರೈವರುಗಳನ್ನು ನಂಬದೆ ಆಕ್ಸಿಲರೇಟರ್ ಪೆಡಲ್ ಕೆಳಗೆ ಒಂದು ಬೋಲ್ಟ್ ನಿಲ್ಲಿಸಿರುತ್ತಿದ್ದೆ. ಎಷ್ಟು ಒತ್ತಿದರೂ ಪೆಡಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಗಾಡಿಗೆ ವಯಸ್ಸಾಯಿತೆಂದು ಅವರು ಸುಮ್ಮನಾಗುತ್ತಿದ್ದರು. ಡ್ರೈವಿಂಗ್ ಕಲಿಯಲು ಕೂತ ಮೊದಲ ವಾರವೇ ಬಗ್ಗಿ ನೋಡಿ, ಬಿಚ್ಚಿ ತಂದು ನನ್ನ ಕೈಗಿಟ್ಟವಳು ನೀನು. ಅವತ್ತು ನಾನು ನಿನಗೆ ಚೆನ್ನಾಗಿ ಬೈದೆ. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಹೀಗಿರುವ ನಾನು ಪಂದ್ಯಕ್ಕೆಂದು ಎಂಜಿನ್ ಕೂಡಿಸಿದರೂ ಕೈ ಹಳೆಯ ದಾರಿಗೇ ಹೋಯಿತು. ದೀಪಾವಳಿಗೆ ಬಂದಾಗ ನೀನು ಬೆಳುಗುಪ್ಪದ ರಸ್ತೆಯಲ್ಲಿ ಓಡಿಸಿ ನೋಡಿ, “ಅಪ್ಪಾ, ಇದು ಶೇಂಗಾ ಮೂಟೆ ಎಳೀತದ, ಓಡಂಗಿಲ್ಲ” ಎಂದೆ. ನಿನ್ನ ಮುಂದೆ ಪೆಚ್ಚಾದವನಂತೆ ನಿಂತೆ. ನಿಜ ಹೇಳಬೇಕೆಂದರೆ ಒಳಗೆ ಸಮಾಧಾನವೇ ಆಗಿತ್ತು.

ನೀನು ಬಿಡುವವಳಲ್ಲ. ವೇಗ ಇನ್ನೂ ಬೇಕು ಎಂದು ಹೇಳಿ ಬಸ್ಸು ಹತ್ತಿದೆ. ನಾನು ಮತ್ತೆ ಬಿಚ್ಚಿದೆ. ಒಳಗಿನ ಒತ್ತಡ ಏರಲಿ ಎಂದು ಎಂಜಿನ್ನಿನ ಹೆಡ್ಡನ್ನು ಬಳ್ಳಾರಿಯ ಲೇತ್ ಅಂಗಡಿಯಲ್ಲಿ ತುಸು ಸವೆಸಿಕೊಂಡು ಬಂದೆ. ಗಾಳಿ, ಪೆಟ್ರೋಲ್ ಒಳಗೆ ನುಗ್ಗುವ ದಾರಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದೆ. ದೊಡ್ಡ ಕಾರ್ಬೊರೇಟರ್ ಮಾತ್ರ ಎಲ್ಲೂ ಸಿಗಲಿಲ್ಲ. ಮಡಕಶಿರಾದಿಂದ ನಿನ್ನ ಬೋರಪ್ಪ ಮಾವ ಫೋನ್ ಮಾಡಿ, ಗುಡಿಬಂಡೆ ಕಡೆ ಒಂದು ತೋಟದ ಶೆಡ್ಡಿನಲ್ಲಿ ಹಳೆಯ ಕಾರು ನಿಂತಿದೆ ಎಂದರು. ಹೋಗಿ ಬಾನೆಟ್ ಎತ್ತಿದರೆ ಎಂಜಿನ್ ಪಕ್ಕದಲ್ಲಿ ಕೋಳಿ ಕಾವಿಗೆ ಕೂತಿದೆ. ಮರಿ ಆಗುವವರೆಗೆ ಮುಟ್ಟಬೇಡಿ ಎಂದಳು ಆ ಮನೆಯಾಕೆ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ ಸಾಮಾನು ತರುವಷ್ಟು ಕೆಟ್ಟವನಲ್ಲ ನಾನು. ಮಾವನ ಮನೆಯಲ್ಲೇ, ನಮ್ಮಕ್ಕನ ಹತ್ತಿರ ಉಳಿದುಕೊಂಡು ಮೊಟ್ಟೆ ಒಡೆಯುವುದನ್ನು ಕಾದೆ. ಅವಳು ಮುದ್ದೆ ಬಡಿಸುತ್ತ, “ಅಲ್ಲ ಕಣೋ, ಹೆಣ್ ಮಗೀಗೆ ಎಲ್ರೂ ಗಂಡು ಹುಡುಕ್ತಾರೆ, ನೀನು ಕಾರ್ಬೊರೇಟರ್ ಹುಡುಕ್ಕೊಂಡ್ ಬಂದಿದೀಯಲ್ಲ” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಬ್ಯಾಡ ಅಂತ ಒಂದ್ ಮಾತು ಹೇಳಕ್ಕಾಗಲ್ವೇನೋ ನಿನ್ಗೆ?” ಎಂದಳು. ನಾನು ಬೇಡ ಎಂದರೆ ನೀನು ಬೇರೆ ಯಾರ ಕೈಯಲ್ಲೋ ಮಾಡಿಸುತ್ತೀ. ಅವರಿಗೆ ಕಾರು ಗೆದ್ದರೆ ಸಾಕು.

ಕಾರ್ಬೊರೇಟರ್ ಕೂಡಿಸಿ ಚಾಲೂ ಮಾಡಿದ ದಿನ ಪಕ್ಕದ ಪಂಕ್ಚರ್ ಅಂಗಡಿಯವನೂ ಎದ್ದು ಬಂದ. ಅಂಥ ಸದ್ದು ಈ ಎಂಜಿನ್ನಿಗೆ ಇರಬಹುದೆಂದು ನನಗೂ ಗೊತ್ತಿರಲಿಲ್ಲ. ಖುಷಿಯಾಯಿತು ಮಗಳೇ, ಸುಳ್ಳು ಹೇಳುವುದಿಲ್ಲ. ಆ ಖುಷಿ ನಿಂತ ಮೇಲೆ ಹೆದರಿಕೆ ಶುರುವಾಯಿತು. ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ, ಆ ಫ್ಲೈವೀಲಿನ ತೂಕ ಇಳಿಸು ಎಂದಿದ್ದೆಯಲ್ಲ, ಅದನ್ನು ನೀನು ಹೇಳಿದಷ್ಟು ಇಳಿಸಿಲ್ಲ. ತೀರ ತೆಳ್ಳಗಾಗಿ ಸಿಡಿದರೆ ಅದು ತಿರುಗುವುದು ನಿನ್ನ ಕಾಲಿನ ಹತ್ತಿರವೇ. ನೀನು ಕಳಿಸಿದ ಪಂದ್ಯದ ವಿಡಿಯೋವನ್ನು ಮೊದಲು ನೋಡಿದಾಗ ಎಂಜಿನ್ ಸದ್ದನ್ನಷ್ಟೇ ಕೇಳಿದ್ದೆ. ಈಗ ನೋಡಿದರೆ ತಿರುವಿನಲ್ಲಿ ಹಿಂದಿನ ಚಕ್ರ ಜಾರುವುದು, ಒಳಗೆ ಹೆಲ್ಮೆಟ್ ಹಾಕಿದ ನಿನ್ನ ತಲೆ ಅತ್ತಿತ್ತ ಆಡುವುದು, ಅದೇ ಕಾಣುತ್ತದೆ. ನಿಮ್ಮವ್ವ ಅದನ್ನು ನೋಡುವುದೇ ಇಲ್ಲ. ಎಂಜಿನ್ ಸದ್ದು ಕೇಳಿ ಅಂಗಡಿಯ ಬಾಗಿಲಿಗೆ ಬಂದು, “ಓಡೋದು ಹೆಚ್ಚು ಮಾಡೀರಿ. ನಿಲ್ಲೋದಕ್ಕ ಏನ್ ಮಾಡೀರಿ?” ಎಂದಳು. ಅವಳಿಗೆ ಎಂಜಿನ್ನಿನ ಗಂಧವೂ ಇಲ್ಲ, ಆದರೂ ಸರಿಯಾದ ಜಾಗಕ್ಕೇ ಚುಚ್ಚಿದಳು. ನಾಲ್ಕೂ ಚಕ್ರದ ಬ್ರೇಕ್ ಹೊಸದು ಹಾಕಿದ್ದೇನೆ. ಹಾಕಿ, ಮತ್ತೆ ಬಿಚ್ಚಿ ನೋಡಿ, ಮತ್ತೆ ಹಾಕಿದ್ದೇನೆ. ಇಷ್ಟಾದರೂ ಸ್ಟೀರಿಂಗ್ ಹಿಡಿಯುವುದು ನೀನು, ನಾನು ಇಲ್ಲಿ ಅಂಗಡಿಯಲ್ಲಿ ಕೂತಿರುತ್ತೇನೆ. ಅದಕ್ಕೆ ನಾನೇನು ಮಾಡಲಿ, ಹೇಳು.

ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲು ಜೋರು ಮಾಡಬೇಡ. ನೀರು ನೋಡಿಕೋ. ಹಿಂದಿನ ಸೀಟು ತೆಗೆಸಿದ್ದೇನೆ, ನೀನು ಹೇಳಿದಂತೆ. ಚಿಕ್ಕವಳಿದ್ದಾಗ ನೇಮಕಲ್ಲಿನಿಂದ ಬರುವಾಗ ನೀನು ಮಲಗುತ್ತಿದ್ದ ಸೀಟು ಎಂದು ನಿಮ್ಮವ್ವ ಅದನ್ನು ಮಾರಲು ಬಿಡಲಿಲ್ಲ. ನಡುಮನೆಯಲ್ಲಿ ಹಾಕಿಕೊಂಡು ಅದರ ಮೇಲೆಯೇ ಕೂತು ಸೊಪ್ಪು ಸೋಸುತ್ತಾಳೆ. ಬಾಲರಾಜುವಿಗೆ ಊಟ ಹಾಕಿಸಿ ಕಳಿಸು. ನಿನ್ನ ಜೊತೆಯವರಿಗೆಲ್ಲ ಕೇಳಿದೆನೆಂದು ಹೇಳು. ಆಂಜನೇಯ ನಿನ್ನ ಮಗ್ಗುಲಲ್ಲೇ ಕೂತಿರಲಿ. ಗೆದ್ದರೂ ಸೋತರೂ ಕಾರಿನಿಂದ ಇಳಿದ ಕೂಡಲೇ ಫೋನ್ ಮಾಡು, ಬೇಕಾದರೆ ಸ್ಪೀಕರ್ ಹಾಕಿಕೊಂಡೇ ಮಾಡು.

ನಿನ್ನ ಅಪ್ಪ,
ಮರುಳಸಿದ್ದಪ್ಪ

ತಾ.ಕ.: ಶನಿವಾರ ಬೆಳಗ್ಗೆ. ಬಾಲರಾಜು ಹಗ್ಗ ಬಿಗಿಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆಕ್ಸಿಲರೇಟರ್ ಪೆಡಲ್ ಒತ್ತಿದರೆ ಪೂರ್ತಿ ಇಳಿಯುವುದಿಲ್ಲ. ಎಂಜಿನ್ ಸರಿಯಿಲ್ಲವೆಂದು ತಿಳಿಯಬೇಡ, ಅದರಲ್ಲಿ ನೀನು ಕೇಳಿದ್ದೆಲ್ಲ ಇದೆ. ಪೆಡಲ್ ಕೆಳಗೆ ಆ ಹಳೆಯ ಬೋಲ್ಟನ್ನೇ ನಿಲ್ಲಿಸಿದ್ದೇನೆ. ಬಿಚ್ಚಿಯೇ ಕಳಿಸೋಣವೆಂದು ಈಗ ಲಾರಿ ಹತ್ತಿ ಕಾರಿನಲ್ಲಿ ಕೂತು ಬಂದೆ, ಕೈ ಬರಲಿಲ್ಲ. ಸ್ಪ್ಯಾನರ್ ಸೀಟಿನ ಕೆಳಗಿದೆ, ನೀನೇ ಬಿಚ್ಚಿಕೋ. ಈ ಸಲ ಅದನ್ನು ತಂದು ನನ್ನ ಕೈಗಿಡಬೇಡ.